ಬೆಟ್ಟದ ತುದಿಯಿಂದ ಕಾಣದ ಊರು

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಬಹುಕಾಲದಿಂದ ನೆಲಸಿರುವ ನಮ್ಮ ಕನ್ನಡಿಗ ಮಿತ್ರರೊಬ್ಬರು ಒಂದು ಛಾಯಾಚಿತ್ರವನ್ನೂ ಅದರೊಡನೆ ಒಂದು ದೀರ್ಘ ಪತ್ರವನ್ನೂ ನಮಗೆ ಕಳುಹಿಸಿರುವರು. ಚಿತ್ರವು ವೇಲ್ಸ್ ದೇಶದ ಉತ್ತರ ಭಾಗದಲ್ಲಿರುವ ಅರೆನಿಗ್ ವೌರ್ ಎಂಬ ಬೆಟ್ಟದ ನೆತ್ತಿಯಿಂದ ತೆಗೆದುದು. ತಾವು ಸಾಗರ ಸೀಮೆಯ ಮಲೆನಾಡಿನವರೆಂದೂ, ಶರಾವತಿಯ ಹಿನ್ನೀರಿನ ದಡದಲ್ಲಿ ಬೆಳೆದವರೆಂದೂ, ಬೆಟ್ಟದ ಮೇಲೆ ನಿಂತು ಕೆಳಗಿನ ಕಣಿವೆಯಲ್ಲಿ ತುಂಬಿರುವ ನೀರನ್ನು ಕಂಡೊಡನೆ ತಮಗೆ ಊರಿನ ನೆನಪಾಯಿತೆಂದೂ ಬರೆದು, ಆ ನೋಟದ ಸೊಬಗನ್ನು ನಮ್ಮ ವಾಚಕರಿಗೂ ತಿಳಿಸಬೇಕೆಂದು ಕೇಳಿಕೊಂಡಿರುವರು. ಸಂಪಾದಕೀಯ ಸ್ತಂಭವು ಪ್ರಕೃತಿವರ್ಣನೆಗೆ ಮೀಸಲಾದ ಸ್ಥಳವಲ್ಲ. ಆದರೂ ಮಿತ್ರರ ಮಾತನ್ನು ನಾವು ನಡೆಸಿಕೊಡುವೆವು. ಏಕೆಂದರೆ ಆ ನೋಟದಲ್ಲಿ ಕಣ್ಣಿಗೆ ಬೀಳುವುದಕ್ಕಿಂತಲೂ ಕಣ್ಣಿಗೆ ಬೀಳದಿರುವುದೇ ಹೆಚ್ಚು, ಮತ್ತು ಆ ಕಾಣದ ಭಾಗವನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ತೋರುತ್ತದೆ.

ಮೊದಲು ಕಾಣುವುದನ್ನು ಹೇಳೋಣ. ಅರೆನಿಗ್ ವೌರ್ ಬೆಟ್ಟವು ಸಮುದ್ರಮಟ್ಟದಿಂದ ೮೫೪ ಮೀಟರು, ಎಂದರೆ ಸುಮಾರು ೨,೮೦೦ ಅಡಿ ಎತ್ತರವಾಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟೂ ಇಲ್ಲ. ಆದರೆ ಸುತ್ತಲೂ ಮರವಿಲ್ಲದ ಹುಲ್ಲುಗಾವಲೂ ಜೌಗುನೆಲವೂ ಹರಡಿರುವುದರಿಂದ ನೆತ್ತಿಯ ಮೇಲೆ ನಿಂತವನ ದೃಷ್ಟಿಗೆ ಯಾವ ಅಡ್ಡಿಯೂ ಇಲ್ಲ. ವಾಯವ್ಯಕ್ಕೆ ಸ್ನೋಡನ್ ಎಂದು ಇಂಗ್ಲಿಷರು ಕರೆಯುವ ಪರ್ವತ ಮತ್ತು ಅದರ ನೆರೆಯ ಶಿಖರಗಳು; ದಕ್ಷಿಣಕ್ಕೆ ಅರಾನ್ ಬೆಟ್ಟಗಳು; ಪೂರ್ವಕ್ಕೆ ಬಾಲಾ ಎಂಬ ಪೇಟೆ, ಅದರ ಪಕ್ಕದಲ್ಲಿಯೇ ವೇಲ್ಸಿನ ಸ್ವಾಭಾವಿಕ ಸರೋವರಗಳಲ್ಲೆಲ್ಲ ದೊಡ್ಡದಾದ ಲಿನ್ ತೆಗಿಡ್. ಈಶಾನ್ಯಕ್ಕೆ ತಿರುಗಿ ಕೆಳಗೆ ನೋಡಿದರೆ ಸುಮಾರು ಎರಡೂವರೆ ಮೈಲಿ ಉದ್ದದ, ಅಗಲವಾದೆಡೆಯಲ್ಲಿ ಒಂದು ಮೈಲಿಯಷ್ಟಿರುವ ನೀರಿನ ಹರವು ಬೆಟ್ಟಗಳ ನಡುವೆ ಮಲಗಿರುತ್ತದೆ. ಅದರ ಹೆಸರು ಲಿನ್ ಕೆಲಿನ್. ಅದರ ಪೂರ್ವದ ಕೊನೆಯಲ್ಲಿ ಹುಲ್ಲು ಬೆಳೆದ ಒಂದು ಏರಿ. ಏರಿಯನ್ನು ಗಮನಿಸದವನು ಈ ಕೆರೆಯೂ ಸೃಷ್ಟಿಯಾದಂದಿನಿಂದ ಅಲ್ಲಿಯೇ ಇದ್ದುದೆಂದು ತಿಳಿದಾನು. ನಮ್ಮ ಮಿತ್ರರೂ ಮೊದಲು ಹಾಗೆಯೇ ತಿಳಿದರಂತೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಮ್ಮ ಜನರು ಬೆಟ್ಟದ ಕೆಳಗೆ ನಿಂತು ಕಟ್ಟಿದರು. ಬೆಟ್ಟದ ಮೇಲೆ ನಿಂತವನಿಗೆ ಕಣಿವೆಯೂ ಅಷ್ಟೇ ನುಣ್ಣಗೆ ಕಾಣುವುದೆಂಬುದನ್ನು ಆ ಗಾದೆಗೆ ಸೇರಿಸಬೇಕಾಗಿದೆ. ಆ ನುಣುಪಾದ ನೀರಿನ ಕೆಳಗೆ ಕಾಪೆಲ್ ಕೆಲಿನ್ ಎಂಬ ಒಂದು ಹಳ್ಳಿಯಿತ್ತು. ಒಂದು ಪ್ರಾರ್ಥನಾ ಮಂದಿರ, ಅದರ ಬಳಿಯ ಶ್ಮಶಾನ, ಒಂದು ಶಾಲೆ, ಒಂದು ಅಂಚೆಯ ಮನೆ, ಸುತ್ತಲೂ ಕುರಿ ದನಗಳನ್ನು ಸಾಕುವ ಒಕ್ಕಲುಮನೆಗಳು. ಹನ್ನೆರಡು ಮನೆ ಮತ್ತು ಹೊಲಗಳು, ಸುಮಾರು ೮೦೦ ಎಕರೆ ನೆಲ. ಕಣಿವೆಯಲ್ಲಿ ವಾಸವಾಗಿದ್ದ ೬೭ ಜನರಲ್ಲಿ ೪೮ ಜನರು ಮನೆಮಾರು ಕಳೆದುಕೊಂಡರು. ಅಲ್ಲಿದ್ದ ಹಾವೊಡ್ ವಾಡೊಗ್ ಎಂಬ ಒಕ್ಕಲುಮನೆಯಲ್ಲಿ ೧೭ನೆಯ ಶತಮಾನದಲ್ಲಿ ಕ್ವೇಕರ್ ಪಂಥದವರು ಪ್ರಾರ್ಥನೆಗೆ ಸೇರುತ್ತಿದ್ದರು. ರಾಜಪೀಡೆಯನ್ನು ತಾಳಲಾರದೆ ಆ ಸೀಮೆಯ ಅನೇಕರು ಕಡಲು ದಾಟಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋದರು. ಆ ಮನೆಯೂ ಈಗ ನೀರಿನ ಕೆಳಗೆ.

ನಲವತ್ತೆಂಟು ಜನ! ಈ ಸಂಖ್ಯೆಯನ್ನು ಓದಿ ನಮ್ಮ ವಾಚಕರಲ್ಲಿ ಕೆಲವರು ಮುಗುಳ್ನಗಬಹುದು. ಲಕ್ಷೋಪಲಕ್ಷ ಜನರು ನೆಲೆ ತಪ್ಪಿದ ಕಥೆಗಳನ್ನು ಕೇಳಿರುವ ನಮಗೆ ನಲವತ್ತೆಂಟು ಒಂದು ಲೆಕ್ಕವೇ ಎನ್ನಿಸಬಹುದು. ಆದರೆ ಇಷ್ಟು ಚಿಕ್ಕ ಊರಿನ ಮುಳುಗಡೆಯು ಒಂದು ಜನಾಂಗದ ಮನಸ್ಸನ್ನು ಅರವತ್ತು ವರ್ಷಗಳಿಂದ ಕಲಕುತ್ತಿರುವುದೇಕೆ ಎಂಬುದು ವಿಚಾರಶೀಲರು ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರವು ನೀರಿನಲ್ಲಿಲ್ಲ. ನೀರನ್ನು ತೆಗೆದುಕೊಂಡ ರೀತಿಯಲ್ಲಿದೆ.

ನಡೆದುದನ್ನು ಸಂಕ್ಷೇಪವಾಗಿ ಹೇಳುವೆವು. ೧೯೫೫ರ ಡಿಸೆಂಬರಿನಲ್ಲಿ ಲಿವರ್‌ಪೂಲ್ ಕಾರ್ಪೊರೇಷನ್ನಿನವರು ಟ್ರಿವೆರಿನ್ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಯೋಜನೆಯನ್ನು ಹೊರಗೆಡಹಿದರು. ವೇಲ್ಸಿನ ನೆಲದಲ್ಲಿ ಅಂತಹ ಕಾಮಗಾರಿ ನಡೆಸಬೇಕಾದರೆ ಆ ಪ್ರಾಂತದ ಸ್ಥಳೀಯ ಸಂಸ್ಥೆಗಳ ಅನುಮತಿಯನ್ನು ಬೇಡುವುದು ಸಹಜವಾದ ಮಾರ್ಗವಾಗಿತ್ತು. ಕಾರ್ಪೊರೇಷನ್ನು ಆ ದಾರಿಯನ್ನು ಹಿಡಿಯಲಿಲ್ಲ. ನೇರವಾಗಿ ಲಂಡನ್ನಿನ ಪಾರ್ಲಿಮೆಂಟಿಗೆ ಹೋಗಿ ಖಾಸಗಿ ಮಸೂದೆಯೊಂದನ್ನು ತಂದಿತು. ಪಾರ್ಲಿಮೆಂಟು ಒಪ್ಪಿದರೆ ಸ್ಥಳೀಯರನ್ನು ಕೇಳುವ ಗೊಡವೆಯೇ ಇಲ್ಲ. ಊರಿನ ಧಣಿ ಸಹಿ ಹಾಕಿದ ಮೇಲೆ ಒಕ್ಕಲಿನವನ ಮಾತು ಯಾರಿಗೆ ಬೇಕು?

ವೇಲ್ಸಿನಲ್ಲೆಲ್ಲ ವಿರೋಧವು ಹಬ್ಬಿತು. ನೂರಕ್ಕೂ ಮಿಕ್ಕ ಸ್ಥಳೀಯ ಸಂಸ್ಥೆಗಳು ಪ್ರತಿಭಟನೆಯನ್ನು ಸೂಚಿಸಿದವು. ಹಳ್ಳಿಯವರು ರಕ್ಷಣಾ ಸಮಿತಿಯೊಂದನ್ನು ಕಟ್ಟಿಕೊಂಡರು. ೧೯೫೬ರ ನವೆಂಬರಿನಲ್ಲಿ ವೇಲ್ಸಿನ ರಾಷ್ಟ್ರೀಯ ಪಕ್ಷವಾದ ಪ್ಲೈಡ್ ಕಮ್ರಿಯ ಅಧ್ಯಕ್ಷರಾದ ಗ್ವಿನ್‌ವೋರ್ ಇವಾನ್ಸ್ ಅವರು ಇಬ್ಬರೊಡನೆ ಲಿವರ್‌ಪೂಲಿನ ನಗರಸಭೆಗೆ ಹೋಗಿ ಹಳ್ಳಿಯವರ ಪರವಾಗಿ ಮಾತನಾಡಲು ಎದ್ದುನಿಂತರು. ಸದಸ್ಯರು ಗದ್ದಲವೆಬ್ಬಿಸಿ ಅವರ ಮಾತನ್ನು ಅಡಗಿಸಿದರು. ಪೋಲೀಸರು ಅವರನ್ನು ಹೊರಗೆ ಕಳುಹಿಸಿದರು. ಅದೇ ತಿಂಗಳ ೨೧ನೆಯ ತಾರೀಖಿನಂದು ಕಾಪೆಲ್ ಕೆಲಿನ್ನಿನ ಜನರು, ಮುದುಕರು ಮಕ್ಕಳಾದಿಯಾಗಿ, ಲಿವರ್‌ಪೂಲಿನ ಬೀದಿಗಳಲ್ಲಿ ಫಲಕಗಳನ್ನು ಹಿಡಿದು ಮೆರವಣಿಗೆ ನಡೆಸಿದರು. ನಮ್ಮ ಮನೆಗಳನ್ನು ಮುಳುಗಿಸಬೇಡಿರೆಂಬುದೇ ಅವರ ಬೇಡಿಕೆ. ಇದಕ್ಕಿಂತ ಸೌಮ್ಯವಾದ ಬೇಡಿಕೆಯನ್ನು ಯಾವ ಪ್ರಜೆಯು ಯಾವ ದೊರೆಯ ಮುಂದೆ ಇಟ್ಟಿರುವನೋ ನಾವರಿಯೆವು.

ಪಾರ್ಲಿಮೆಂಟಿನಲ್ಲಿ ಮಸೂದೆಯ ಗತಿಯೇನಾಯಿತು? ಆಗ ಕಾಮನ್ಸ್ ಸಭೆಯ ಒಟ್ಟು ಸದಸ್ಯರು ೬೩೦. ಅವರಲ್ಲಿ ವೇಲ್ಸಿನಿಂದ ಆರಿಸಿ ಬಂದವರು ೩೬. ಈ ಮೂವತ್ತಾರು ಮಂದಿಯಲ್ಲಿ ಒಬ್ಬರಾದರೂ ಮಸೂದೆಯ ಪರವಾಗಿ ಮತ ಕೊಡಲಿಲ್ಲ. ಬೇರೆ ಬೇರೆ ಪಕ್ಷದವರು, ಎಷ್ಟೋ ವಿಷಯಗಳಲ್ಲಿ ಒಬ್ಬರನ್ನೊಬ್ಬರು ಕಂಡರಾಗದವರು, ಈ ಒಂದು ವಿಷಯದಲ್ಲಿ ಒಂದಾದರು. ಆದರೂ ಮಸೂದೆಯು ಅಂಗೀಕೃತವಾಗಿ ೧೯೫೭ರ ಆಗಸ್ಟ್ ೧ರಂದು ರಾಣಿಯ ಮುದ್ರೆಯನ್ನು ಪಡೆಯಿತು. ಆಗ ವೇಲ್ಸಿನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಮಂತ್ರಿ ಹೆನ್ರಿ ಬ್ರೂಕ್ ಅವರು ಮಸೂದೆಯ ಬೆಂಬಲಿಗರು. ಅವರು ಆರಿಸಿ ಬಂದಿದ್ದುದು ಲಂಡನ್ನಿನ ಹ್ಯಾಂಪ್‌ಸ್ಟೆಡ್ ಕ್ಷೇತ್ರದಿಂದ. ಒಂದು ದೇಶದ ಸಕಲ ಪ್ರತಿನಿಧಿಗಳೂ ಒಂದು ಕಡೆ, ಆ ದೇಶದ ಹೊಣೆ ಹೊತ್ತ ಮಂತ್ರಿಯು ಇನ್ನೊಂದು ಕಡೆ! ಇದಕ್ಕೆ ಪ್ರಾತಿನಿಧ್ಯವೆಂದು ಹೆಸರಿಡುವುದಾದರೆ ಆ ಶಬ್ದದ ಅರ್ಥವನ್ನು ಕೋಶಕಾರರು ಇನ್ನೊಮ್ಮೆ ಪರಿಶೀಲಿಸಬೇಕಾದೀತು.

ಪ್ರತಿಪಕ್ಷದ ಮಾತನ್ನು ಕೇಳದೆ ತೀರ್ಪು ಕೊಡುವುದು ನಮ್ಮ ಪದ್ಧತಿಯಲ್ಲ. ಲಿವರ್‌ಪೂಲಿನವರ ಪಕ್ಷದಲ್ಲಿ ಹೇಳಬಹುದಾದುದು ಸ್ವಲ್ಪವಲ್ಲ. ೧೯೪೦ ಮತ್ತು ೧೯೪೧ರಲ್ಲಿ ಜರ್ಮನರ ಬಾಂಬುಗಳಿಗೆ ತುತ್ತಾಗಿ ಆ ನಗರವು ಜರ್ಜರಿತವಾಗಿತ್ತು. ಕೊಳೆಗೇರಿಗಳನ್ನು ಕೆಡಹಿ ಬಡವರಿಗೆ ಹೊಸ ಮನೆಗಳನ್ನು ಕಟ್ಟಬೇಕಾಗಿತ್ತು. ಮನೆಯೆಂದ ಮೇಲೆ ನಲ್ಲಿ ಬೇಕು, ಕಾರ್ಖಾನೆಯೆಂದ ಮೇಲೆ ನೀರು ಬೇಕು. ಬಾಯಾರಿದ ಪಟ್ಟಣಕ್ಕೆ ನೀರು ಬೇಡವೆನ್ನುವವನು ಧರ್ಮಿಷ್ಠನಲ್ಲ. ಅಲ್ಲದೆ ಲಿವರ್‌ಪೂಲು ವೇಲ್ಸಿನವರಿಗೆ ಪರಕೀಯವಾದ ನಗರವೂ ಅಲ್ಲ. ಸಾವಿರಾರು ವೇಲ್ಸಿನವರು ಅಲ್ಲಿಗೆ ಹೋಗಿ ಮನೆಗಳನ್ನು ಕಟ್ಟಿ, ವ್ಯಾಪಾರ ಮಾಡಿ, ತಮ್ಮ ಭಾಷೆಯ ಪ್ರಾರ್ಥನಾ ಮಂದಿರಗಳನ್ನು ಸ್ಥಾಪಿಸಿದ್ದರು. ವೇಲ್ಸಿನ ಸಾಹಿತ್ಯ ಸಮ್ಮೇಳನವಾದ ಐಸ್ತೆದ್‌ವಡ್ ೧೯೦೦ರಲ್ಲಿಯೂ ೧೯೨೯ರಲ್ಲಿಯೂ ಆ ನಗರದಲ್ಲಿಯೇ ನೆರೆದಿತ್ತು. ಯೋಜನೆಯಿಂದಾದ ಪ್ರಯೋಜನವನ್ನೂ ಒಪ್ಪಿಕೊಳ್ಳಬೇಕು. ಲಿನ್ ಕೆಲಿನ್ನಿನ ನೀರು ಕೊಳವೆಯಲ್ಲಿ ನೇರವಾಗಿ ಲಿವರ್‌ಪೂಲಿಗೆ ಹೋಗುವುದಿಲ್ಲ. ಮಳೆಗಾಲದ ನೀರನ್ನು ಅಲ್ಲಿ ಕೂಡಿಟ್ಟು, ಬೇಸಗೆಯಲ್ಲಿ ಟ್ರಿವೆರಿನ್ ನದಿಗೆ ಬಿಡುವರು. ಅದು ಬಾಲಾದ ಬಳಿ ಡೀ ನದಿಯನ್ನು ಸೇರಿ ಹರಿದು ಹೋಗಿ, ಚೆಸ್ಟರ್ ಪಟ್ಟಣದ ಸಮೀಪದಲ್ಲಿ ಎತ್ತಲ್ಪಡುತ್ತದೆ. ಇದರಿಂದ ಡೀ ನದಿಯು ಒಣಗಾಲದಲ್ಲಿಯೂ ಬತ್ತುವುದಿಲ್ಲ. ವೇಲ್ಸಿನ ಈಶಾನ್ಯ ಭಾಗದ ಊರುಗಳಿಗೂ ಆ ನದಿಯ ನೀರು ದೊರೆಯುತ್ತದೆ. ನಮ್ಮ ಮಿತ್ರರು ಲಿವರ್‌ಪೂಲಿನಲ್ಲಿ ಬೆಳಗ್ಗೆ ಕಾಫಿಗೆ ಹಿಡಿಯುವ ನೀರಿನಲ್ಲಿಯೂ ಆ ಕಣಿವೆಯ ಪಾಲು ಉಂಟು.

ಇಷ್ಟನ್ನೆಲ್ಲ ಒಪ್ಪಿದ ಮೇಲೆಯೂ ಮೂಲ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ನೀರು ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ನೆರೆಮನೆಯವನಿಗೆ ಬಾಯಾರಿಕೆಯಾದರೆ ಕೊಡ ನೀರು ಕೊಡುವುದು ನಮ್ಮ ಧರ್ಮ. ಆದರೆ ಅವನು ನಮ್ಮನ್ನು ಕೇಳದೆ, ತಾಲ್ಲೂಕು ಕಚೇರಿಯಿಂದ ಹುಕುಮನ್ನು ತಂದು, ನಮ್ಮ ಬಾವಿಯ ಸುತ್ತ ಬೇಲಿ ಹಾಕಿಕೊಂಡರೆ ಅದನ್ನು ಬಾಯಾರಿಕೆಯೆಂದು ಕರೆಯುವುದು ಹೇಗೆ? ಬಾವಿಯ ನೀರಿಗೆ ಬೆಲೆ ಕಟ್ಟಿ ಕೈಗೆ ಹಣವಿಟ್ಟ ಮಾತ್ರಕ್ಕೆ ಕೇಳದೆ ತೆಗೆದುಕೊಂಡುದು ಕೇಳಿ ಪಡೆದುದಾಗುವುದಿಲ್ಲ. ಪರಿಹಾರವು ನಷ್ಟಕ್ಕೆ ಸಲ್ಲುತ್ತದೆ, ಅವಮಾನಕ್ಕೆ ಸಲ್ಲುವುದಿಲ್ಲ.

ಇದು ಮೊದಲನೆಯ ಸಲವೂ ಆಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ೧೮೮೦ರ ದಶಕದಲ್ಲಿ ಇದೇ ಲಿವರ್‌ಪೂಲಿಗಾಗಿ ವಿರ್ನ್ವಿ ಕಣಿವೆಯಲ್ಲಿ ಅಣೆಕಟ್ಟು ಎದ್ದು, ಲಾನ್‌ವುದಿನ್ ಎಂಬ ಹಳ್ಳಿಯು ತನ್ನ ಚರ್ಚಿನ ಸಮೇತ ಮುಳುಗಿತು. ಬರ್ಮಿಂಗ್‌ಹಾಮ್ ನಗರಕ್ಕಾಗಿ ಎಲಾನ್ ಕಣಿವೆಯಲ್ಲಿ ೧೮೯೩ರಲ್ಲಿ ಕೆಲಸ ತೊಡಗಿ, ೧೯೦೪ರಲ್ಲಿ ಏಳನೆಯ ಎಡ್ವರ್ಡ್ ದೊರೆಯೇ ಬಂದು ಅಲ್ಲಿನ ಜಲಾಶಯಗಳನ್ನು ಉದ್ಘಾಟಿಸಿದನು. ಅಲ್ಲಿಂದ ೭೩ ಮೈಲಿ ದೂರದ ಬರ್ಮಿಂಗ್‌ಹಾಮಿಗೆ ಯಂತ್ರದ ಸಹಾಯವಿಲ್ಲದೆ, ನೆಲದ ಇಳಿಜಾರಿನಿಂದಲೇ ನೀರು ಹರಿದು ಹೋಗುವಂತೆ ಕಾಲುವೆಯನ್ನು ರಚಿಸಿದ ಎಂಜಿನಿಯರುಗಳ ಜಾಣ್ಮೆಯನ್ನು ಯಾರಾದರೂ ಕೊಂಡಾಡಬೇಕು. ಆದರೆ ಅಲ್ಲಿಂದ ಎದ್ದುಹೋದ ನೂರು ಜನರಷ್ಟು ಒಕ್ಕಲಿಗರಿಗೆ, ಭೂಮಿಯು ಅವರ ಸ್ವಂತದ್ದಲ್ಲವೆಂಬ ಕಾರಣದಿಂದ, ಪರಿಹಾರವೂ ದೊರೆಯಲಿಲ್ಲ. ಅದು ಜಮೀನುದಾರರಿಗೆ ಸಂದಿತು. ಹೀಗೆ ತಲೆಮಾರಿನ ಮೇಲೆ ತಲೆಮಾರು ಒಂದೇ ಅನುಭವವನ್ನು ಕಂಡ ಜನರು ೧೯೫೭ರಲ್ಲಿ ತಾಳ್ಮೆ ಕಳೆದುಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಮುಳುಗಿದ ಹಳ್ಳಿಯು ಎಂತಹದೆಂಬುದೂ ಮುಖ್ಯವಾದ ಮಾತು. ಕಾಪೆಲ್ ಕೆಲಿನ್ನಿನ ಜನರ ಮನೆಮಾತು, ಶಾಲೆಯ ಮಾತು, ಪ್ರಾರ್ಥನೆಯ ಮಾತು, ಜಗಳದ ಮಾತು ಎಲ್ಲವೂ ವೇಲ್ಸ್ ಭಾಷೆಯೇ ಆಗಿತ್ತು. ೧೯೧೧ರ ಖಾನೇಷುಮಾರಿಯಲ್ಲಿ ವೇಲ್ಸಿನ ಜನರಲ್ಲಿ ನೂರಕ್ಕೆ ೪೩ಕ್ಕೂ ಹೆಚ್ಚು ಮಂದಿ ತಮ್ಮ ಭಾಷೆಯನ್ನಾಡುತ್ತಿದ್ದರು. ೧೯೬೧ರಲ್ಲಿ ನೂರಕ್ಕೆ ೨೬ ಮಂದಿ. ೨೦೨೧ರಲ್ಲಿ ನೂರಕ್ಕೆ ೧೮ರಷ್ಟೂ ಇಲ್ಲ. ಭಾಷೆಯೆಂಬುದು ಪುಸ್ತಕದಲ್ಲಿ ಬದುಕುವ ಪ್ರಾಣಿಯಲ್ಲ. ಅದಕ್ಕೆ ಊರು ಬೇಕು, ಅಂಗಳ ಬೇಕು, ಅಜ್ಜಿಯೂ ಮೊಮ್ಮಗಳೂ ಒಂದೇ ಒಲೆಯ ಮುಂದೆ ಕುಳಿತಿರಬೇಕು. ಅಂತಹ ಊರುಗಳು ಬೆರಳೆಣಿಕೆಯಷ್ಟಾಗುತ್ತಿದ್ದ ಕಾಲದಲ್ಲಿ ಅವುಗಳಲ್ಲೊಂದನ್ನು ಮುಳುಗಿಸಿದರೆ ಹೋದವರು ನಲವತ್ತೆಂಟು ಜನ ಮಾತ್ರವಲ್ಲ. ಮನೆ ಬಿಟ್ಟವನಿಗೆ ಇನ್ನೊಂದು ಮನೆಯನ್ನು ಕಟ್ಟಿಕೊಡಬಹುದು. ಚದುರಿಹೋದ ಊರನ್ನು ಯಾವ ಕಂತ್ರಾಟುದಾರನೂ ಕಟ್ಟಿಕೊಡಲಾರನು. ಭಾಷಾಭಿಮಾನಿಗಳಾದ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

೧೯೬೩ರಲ್ಲಿ ಶಾಲೆಯ ಬಾಗಿಲು ಮುಚ್ಚಿತು. ಅದೇ ವರ್ಷ ಪ್ರಾರ್ಥನಾ ಮಂದಿರದಲ್ಲಿ ಕೊನೆಯ ಪ್ರಾರ್ಥನೆಯು ನಡೆಯಿತು. ಶ್ಮಶಾನದಲ್ಲಿ ಹೂಳಿದ್ದ ಹಿರಿಯರ ಪೈಕಿ ಕೆಲವರ ಅವಶೇಷಗಳನ್ನು ಬಂಧುಗಳು ಬೇರೆಡೆಗೆ ಒಯ್ದರು. ಉಳಿದವರ ಮೇಲೆ ಕಾಂಕ್ರೀಟನ್ನು ಹಾಸಿ, ಅದರ ಮೇಲೆ ನೀರು ನಿಲ್ಲಿಸಿದರು. ಈ ನಡುವೆ ಕೆಲವು ಯುವಕರು ಕಾಮಗಾರಿಯ ಸ್ಥಳಕ್ಕೆ ನುಗ್ಗಿ, ೧೯೬೩ರ ಫೆಬ್ರುವರಿಯಲ್ಲಿ ವಿದ್ಯುತ್ ಟ್ರಾನ್ಸ್‌ಫಾರ್ಮರೊಂದನ್ನು ಸಿಡಿಮದ್ದಿನಿಂದ ಒಡೆದರು, ಶಿಕ್ಷೆಯನ್ನೂ ಅನುಭವಿಸಿದರು. ಹಿಂಸಾಮಾರ್ಗವನ್ನು ನಾವು ಎಂದೂ ಸಮರ್ಥಿಸಿದವರಲ್ಲ, ಈಗಲೂ ಸಮರ್ಥಿಸುವುದಿಲ್ಲ. ಆದರೆ ಸೌಮ್ಯವಾಗಿ ಬಾಗಿಲು ತಟ್ಟಿದವರನ್ನು ಗದ್ದಲವೆಬ್ಬಿಸಿ ಹೊರದೂಡಿದ ಸಭೆಗೆ, ಬಾಗಿಲನ್ನು ಒಡೆಯುವವರು ಬಂದಾಗ ಆಶ್ಚರ್ಯಪಡುವ ಅಧಿಕಾರವಿಲ್ಲವೆಂದು ಮಾತ್ರ ಹೇಳುವೆವು.

೧೯೬೫ರ ಅಕ್ಟೋಬರಿನಲ್ಲಿ ಉದ್ಘಾಟನೆಯ ಉತ್ಸವವು ಗೊತ್ತಾಗಿತ್ತು. ಅತಿಥಿಗಳು ಬಂದರು, ಪ್ರತಿಭಟನೆಗಾರರೂ ನೂರಾರು ಸಂಖ್ಯೆಯಲ್ಲಿ ಬಂದರು. ಧ್ವನಿವರ್ಧಕದ ತಂತಿಗಳು ಕತ್ತರಿಸಲ್ಪಟ್ಟವು. ಕೂಗಾಟದಲ್ಲಿ ಭಾಷಣವು ಯಾರಿಗೂ ಕೇಳಿಸಲಿಲ್ಲ. ಉತ್ಸವವು ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. ಒಂಬತ್ತು ವರ್ಷಗಳ ಹಿಂದೆ ಲಿವರ್‌ಪೂಲಿನ ಸಭೆಯು ಹಳ್ಳಿಯವರ ಮಾತನ್ನು ಕೇಳಲಿಲ್ಲ. ಆ ದಿನ ಕಣಿವೆಯು ಲಿವರ್‌ಪೂಲಿನ ಮಾತನ್ನು ಕೇಳಲಿಲ್ಲ.

ಮುಂದೆ ಏನಾಯಿತು? ಇಲ್ಲಿಯೇ ಈ ಕಥೆಯು ಬರಿಯ ಶೋಕಗೀತವಾಗದೆ ರಾಜಕೀಯ ಪಾಠವಾಗುತ್ತದೆ. ೧೯೬೨ರ ಫೆಬ್ರುವರಿಯಲ್ಲಿ ಸಾಂಡರ್ಸ್ ಲೂಯಿಸ್ ಎಂಬ ಸಾಹಿತಿಯು ರೇಡಿಯೋದಲ್ಲಿ ತನ್ನ ಭಾಷೆಯ ಭವಿತವ್ಯವನ್ನು ಕುರಿತು ಉಪನ್ಯಾಸ ಮಾಡಿ ಜನರನ್ನು ಎಚ್ಚರಿಸಿದನು. ಅದೇ ವರ್ಷ ವೇಲ್ಸ್ ಭಾಷಾ ಸಂಘವು ಹುಟ್ಟಿತು. ೧೯೬೪ರಲ್ಲಿ ವೇಲ್ಸಿಗೆ ಪ್ರತ್ಯೇಕ ಕಾರ್ಯದರ್ಶಿ ಮಂತ್ರಿಯ ಪದವಿಯು ಏರ್ಪಟ್ಟಿತು. ೧೯೬೬ರ ಜುಲೈಯಲ್ಲಿ, ನಗರಸಭೆಯಿಂದ ಹೊರದೂಡಲ್ಪಟ್ಟಿದ್ದ ಗ್ವಿನ್‌ವೋರ್ ಇವಾನ್ಸ್ ಅವರೇ ಕಾರ್ಮಾರ್ದನ್ ಕ್ಷೇತ್ರದಿಂದ ಗೆದ್ದು, ತಮ್ಮ ಪಕ್ಷದ ಪ್ರಥಮ ಸದಸ್ಯರಾಗಿ ಪಾರ್ಲಿಮೆಂಟನ್ನು ಪ್ರವೇಶಿಸಿದರು. ೧೯೬೭ರಲ್ಲಿ ಭಾಷೆಗೆ ಕೆಲವು ಹಕ್ಕುಗಳನ್ನು ಕೊಡುವ ಕಾನೂನು ಬಂದಿತು. ೧೯೮೦ರಲ್ಲಿ ಸರಕಾರವು ವೇಲ್ಸ್ ಭಾಷೆಯ ದೂರದರ್ಶನದ ವಿಷಯದಲ್ಲಿ ಕೊಟ್ಟ ಮಾತಿಗೆ ತಪ್ಪಿದಾಗ, ಅದೇ ಇವಾನ್ಸ್ ಅವರು ಆಮರಣ ಉಪವಾಸವನ್ನು ಕೈಕೊಳ್ಳುವುದಾಗಿ ಸಾರಿದರು, ಸರಕಾರವು ಮಣಿಯಿತು, ೧೯೮೨ರಲ್ಲಿ ಆ ಪ್ರಸಾರವು ಆರಂಭವಾಯಿತು. ಉಪವಾಸವೆಂಬ ಅಸ್ತ್ರದ ಬಲವೆಷ್ಟೆಂಬುದನ್ನು ನಮ್ಮ ದೇಶದ ವಾಚಕರಿಗೆ ನಾವು ತಿಳಿಸಬೇಕಾಗಿಲ್ಲ. ೧೯೯೭ರ ಜನಮತದಂತೆ ೧೯೯೯ರಲ್ಲಿ ವೇಲ್ಸಿಗೆ ತನ್ನದೇ ಆದ ಶಾಸನಸಭೆ ದೊರೆಯಿತು. ಇವೆಲ್ಲಕ್ಕೂ ಒಂದು ಅಣೆಕಟ್ಟೇ ಕಾರಣವೆಂದು ನಾವು ಹೇಳುವುದಿಲ್ಲ. ಇತಿಹಾಸದ ಹೊಳೆಗೆ ಉಪನದಿಗಳು ಅನೇಕ. ಆದರೆ ಪಾರ್ಲಿಮೆಂಟಿನಲ್ಲಿ ಎಲ್ಲರೂ ಒಂದಾದರೂ ತಾವು ಸೋಲಬಹುದೆಂಬ ಸತ್ಯವನ್ನು ಅಂಕಗಣಿತದಷ್ಟು ಸ್ಪಷ್ಟವಾಗಿ ವೇಲ್ಸಿನವರಿಗೆ ಕಲಿಸಿದುದು ಟ್ರಿವೆರಿನ್ನೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ವೇಲ್ಸಿನ ಪಶ್ಚಿಮ ಕರಾವಳಿಯ ರಸ್ತೆಯೊಂದರ ಪಕ್ಕದಲ್ಲಿ, ಮುರುಕು ಗೋಡೆಯೊಂದರ ಮೇಲೆ, ಟ್ರಿವೆರಿನ್ನನ್ನು ನೆನೆಯಿರಿ ಎಂಬರ್ಥದ ಎರಡೇ ಪದಗಳನ್ನು ೧೯೬೦ರ ದಶಕದಲ್ಲಿ ಯುವಕನೊಬ್ಬನು ಬರೆದನು. ೨೦೧೯ರಲ್ಲಿ ಕಿಡಿಗೇಡಿಗಳು ಆ ಗೋಡೆಯನ್ನು ಕೆಡಿಸಿದಾಗ, ಅದೇ ಎರಡು ಪದಗಳು ದೇಶದ ನಾನಾ ಕಡೆಗಳಲ್ಲಿ ಗೋಡೆಗಳ ಮೇಲೆ ಎದ್ದುಬಂದವು. ಅಳಿಸಹೋದವರೇ ಅದನ್ನು ಬೆಳೆಸಿದಂತಾಯಿತು.

೨೦೦೫ರಲ್ಲಿ ಲಿವರ್‌ಪೂಲಿನ ನಗರಸಭೆಯು, ತನ್ನ ಹಿಂದಿನವರು ಆ ಕಾಲದಲ್ಲಿ ತೋರಿದ ಅನಾದರಕ್ಕಾಗಿ ಕ್ಷಮೆಯನ್ನು ಬೇಡಿತು. ತಡವಾಯಿತೆಂದು ಕೆಲವರು, ಸಾಲದೆಂದು ಕೆಲವರು ಹೇಳಿದರು. ನಮ್ಮ ಅಭಿಪ್ರಾಯದಲ್ಲಿ ನಲವತ್ತು ವರ್ಷಗಳ ನಂತರವಾದರೂ ತಪ್ಪನ್ನು ತಪ್ಪೆನ್ನುವುದು ಸಣ್ಣ ವಿಷಯವಲ್ಲ. ಎಷ್ಟೋ ದೊಡ್ಡ ದೊಡ್ಡ ಸರಕಾರಗಳು ಅದಕ್ಕಿಂತ ಎಷ್ಟೋ ದೊಡ್ಡ ತಪ್ಪುಗಳ ವಿಷಯದಲ್ಲಿ ಇನ್ನೂ ಬಾಯಿಬಿಟ್ಟಿಲ್ಲ.

ಈಗ ನಮ್ಮ ಮಿತ್ರರ ಪತ್ರಕ್ಕೆ ಹಿಂದಿರುಗುವೆವು. ಅವರಿಗೆ ಶರಾವತಿಯ ನೆನಪಾಯಿತಂತೆ. ಆಗಲೇಬೇಕು. ಲಿಂಗನಮಕ್ಕಿಯ ಅಣೆಕಟ್ಟು ಮುಗಿದುದು ೧೯೬೪ರಲ್ಲಿ, ಲಿನ್ ಕೆಲಿನ್ನಿನ ಉತ್ಸವಕ್ಕೆ ಕೇವಲ ಒಂದು ವರ್ಷ ಮೊದಲು. ಅಲ್ಲಿ ಪರರಾಷ್ಟ್ರದ ಬಹುಮತವಿತ್ತು. ಇಲ್ಲಿ ನಮ್ಮದೇ ಸರಕಾರವಿತ್ತು, ನಾಡಿಗೆ ಬೆಳಕು ಬೇಕಾಗಿತ್ತು. ಆದರೂ ಆ ಬೆಳಕಿಗಾಗಿ ಎದ್ದುಹೋದ ಕುಟುಂಬಗಳು ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಗಳನ್ನು ಸುತ್ತಿದುದನ್ನು ಮಲೆನಾಡಿನವರೆಲ್ಲರೂ ಬಲ್ಲರು. ಆಳುವವರು ನಮ್ಮವರಾದ ಮಾತ್ರಕ್ಕೆ ಕೇಳುವ ಕರ್ತವ್ಯವು ಮುಗಿಯುವುದಿಲ್ಲ, ಬದಲಾಗಿ ಹೆಚ್ಚುತ್ತದೆ. ಪರರು ಕೇಳದಿದ್ದರೆ ಅದು ದಬ್ಬಾಳಿಕೆ. ನಮ್ಮವರೇ ಕೇಳದಿದ್ದರೆ ಅದು ದ್ರೋಹ.

ಈ ಪತ್ರಿಕೆಯನ್ನು ಓದುವ ಅಧಿಕಾರಿವರ್ಗದವರಿಗೆ ನಮ್ಮ ಒಂದು ವಿಜ್ಞಾಪನೆ. ಎಂಜಿನಿಯರನ ನಕಾಶೆಯೂ ಒಂದು ಬೆಟ್ಟದ ತುದಿಯೇ. ಅದರ ಮೇಲೆ ನಿಂತು ನೋಡಿದರೆ ಎತ್ತರದ ಗೆರೆಗಳು ಕಾಣುತ್ತವೆ, ನೀರು ನಿಲ್ಲುವ ಜಾಗವು ಕಾಣುತ್ತದೆ, ಎಕರೆಗಳು ಕಾಣುತ್ತವೆ. ಒಲೆಯ ಹೊಗೆ ಕಾಣುವುದಿಲ್ಲ, ಗೋರಿಯ ಮೇಲಿನ ಹೆಸರು ಕಾಣುವುದಿಲ್ಲ. ನಕಾಶೆಯು ಸುಳ್ಳು ಹೇಳುವುದಿಲ್ಲ; ಅರ್ಧ ಸತ್ಯವನ್ನು ಹೇಳುತ್ತದೆ. ಉಳಿದರ್ಧವನ್ನು ತಿಳಿಯಬೇಕಾದರೆ ಕೆಳಗಿಳಿದು ಜಗಲಿಯ ಮೇಲೆ ಕುಳಿತು ಕೇಳಬೇಕು. ಕೇಳಿದ ಮೇಲೆ ಅಣೆಕಟ್ಟನ್ನು ಕಟ್ಟಲೇಬೇಕಾಗಿ ಬರಬಹುದು, ಬರಲಿ. ಕೇಳಿ ಪಡೆದ ನೀರಿಗೂ ಕೇಳದೆ ತೆಗೆದ ನೀರಿಗೂ ರುಚಿಯಲ್ಲಿ ಭೇದವಿಲ್ಲದಿರಬಹುದು. ಅದನ್ನು ಕೊಟ್ಟವರ ಮಕ್ಕಳು ಮುಂದೆ ಆಡುವ ಮಾತಿನಲ್ಲಿ ಭೇದವಿರುತ್ತದೆ.

ಅರೆನಿಗ್ ವೌರ್ ಬೆಟ್ಟದ ನೆತ್ತಿಯಲ್ಲಿ ಒಂದು ಸ್ಮಾರಕವಿದೆ. ೧೯೪೩ರ ಆಗಸ್ಟಿನಲ್ಲಿ ಅಮೆರಿಕದ ಯುದ್ಧವಿಮಾನವೊಂದು ಆ ಬೆಟ್ಟಕ್ಕೆ ಬಡಿದು ಮಡಿದ ಎಂಟು ಮಂದಿಯ ನೆನಪಿಗಾಗಿ ಅದನ್ನಿಟ್ಟಿರುವರು. ಪರದೇಶದಿಂದ ಬಂದು ಪರದೇಶದಲ್ಲಿ ಸತ್ತ ಆ ಎಂಟು ಜನರನ್ನು ವೇಲ್ಸಿನ ಬೆಟ್ಟವು ಮರೆತಿಲ್ಲ. ಕೆಳಗೆ ಕೆರೆಯ ದಡದಲ್ಲಿಯೂ ಒಂದು ಚಿಕ್ಕ ಸ್ಮಾರಕ ಮಂದಿರವಿದೆ. ಮುಳುಗಿದ ಪ್ರಾರ್ಥನಾ ಮಂದಿರದ ಕಲ್ಲುಗಳನ್ನು ಬಳಸಿ ಅದನ್ನು ಕಟ್ಟಿದರು. ಹಳೆಯ ಶ್ಮಶಾನದ ಗೋರಿಗಲ್ಲುಗಳನ್ನು ಅದರ ಬಳಿಯಲ್ಲಿ ನಿಲ್ಲಿಸಿದರು. ನಮ್ಮ ಮಿತ್ರರ ಪತ್ರದಲ್ಲಿ ಮೇಲಿನ ಸ್ಮಾರಕದ ಪ್ರಸ್ತಾಪವಿದೆ, ಕೆಳಗಿನದರ ಪ್ರಸ್ತಾಪವಿಲ್ಲ. ಅವರು ಅಲ್ಲಿಗೆ ಇಳಿಯಲಿಲ್ಲವೆಂದು ತೋರುತ್ತದೆ. ಹೊತ್ತು ಮೀರಿದ್ದಿರಬಹುದು, ಅಥವಾ ಮಳೆ ಬಂದಿರಬಹುದು. ಮುಂದಿನ ಸಲ ಹೋದಾಗ ಅವರು ಬೆಟ್ಟವನ್ನು ಹತ್ತುವುದಕ್ಕೆ ಮೊದಲು ಆ ಮಂದಿರಕ್ಕೆ ಹೋಗಿ ಗೋರಿಗಲ್ಲುಗಳ ಮೇಲಿನ ಹೆಸರುಗಳನ್ನು ಓದಬೇಕೆಂದು ನಮ್ಮ ಕೋರಿಕೆ. ಆಮೇಲೆ ಮೇಲೇರಿ ನೋಡಿದರೆ ಅದೇ ಬೆಟ್ಟ, ಅದೇ ನೀರು, ಅದೇ ಬೆಳಕು ಕಂಡೀತು. ಆದರೆ ನೋಟವು ಬೇರೆಯಾಗಿರುವುದು. ಆಗ ಅವರು ತೆಗೆದು ಕಳುಹಿಸುವ ಚಿತ್ರವನ್ನು ನಾವು ಸಂತೋಷದಿಂದ ಪ್ರಕಟಿಸುವೆವು.